ದೀಪಕ್ಕೆ ಬಂದ ದೊಡ್ಡ ಪತಂಗ

ಮುಂಗಾರಿನ ಮೊದಲ ಹದಮಳೆ ಬಿದ್ದ ಸಂಜೆ ಹಳ್ಳಿಯ ಜಗಲಿಯ ಮೇಲೆ ದೀಪ ಹಚ್ಚಿ ಕುಳಿತವರಿಗೆ ಕೀಟಪ್ರಪಂಚವನ್ನು ಹುಡುಕಿಕೊಂಡು ಹೋಗುವ ಶ್ರಮವಿಲ್ಲ. ಅದು ತಾನಾಗಿಯೇ ಬಂದು ದರ್ಶನವೀಯುತ್ತದೆ. ಈಸಲು, ಜೀರುಂಡೆ, ಮಿಡಿತೆ, ಹೆಸರಿಲ್ಲದ ನೂರು ಬಗೆಯ ಸಣ್ಣ ಹುಳುಗಳು ದೀಪದ ಸುತ್ತ ನೆರೆಯುತ್ತವೆ. ಎಲ್ಲೋ ವರ್ಷಕ್ಕೊಮ್ಮೆ ಇವುಗಳ ನಡುವೆ ಅಂಗೈಗಿಂತ ಅಗಲವಾದ ಪತಂಗವೊಂದು ಹಕ್ಕಿಯಂತೆ ರೆಕ್ಕೆ ಬಡಿಯುತ್ತ ಬಂದಿಳಿದರೆ ಮನೆಮಂದಿಯೆಲ್ಲ ಎದ್ದು ನಿಲ್ಲುತ್ತಾರೆ. ಇದೇನು? ಇದರ ಹೆಸರೇನು? ಇದರಿಂದ ಕೇಡುಂಟೆ? ಈ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಹೇಗೆ ಹುಡುಕಬೇಕೆಂಬುದೇ ಈ ಲೇಖನದ ವಿಷಯ.

ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಕಾವೇರಿಯ ಸೀಮೆಗೆ ಸೇರಿದ ಊರು. ಇದೇ ತಾಲ್ಲೂಕಿನ ಅಂಚಿನಲ್ಲಿ ಗಗನಚುಕ್ಕಿಯ ಜಲಪಾತವಿದೆ. 1902ರಲ್ಲಿ ಶಿವನಸಮುದ್ರದ ವಿದ್ಯುದಾಗಾರದಿಂದ ಹೊರಟ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದುದನ್ನು ಪಾಠಪುಸ್ತಕಗಳಲ್ಲಿ ಓದಿದ್ದೇವೆ. ನದಿಯ ದಂಡೆಯನ್ನೇ ಹಿಡಿದು ಕೆಳಗೆ ಸಾಗಿದರೆ ಮುತ್ತತ್ತಿಯ ಕಾಡು. 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮದ ಭಾಗವದು. ಊರುಗಳ ಸುತ್ತ ಭತ್ತ, ಕಬ್ಬು, ಜತೆಗೆ ಹಿಪ್ಪುನೇರಳೆ. ಹಿಪ್ಪುನೇರಳೆಯಿದ್ದ ಕಡೆ ರೇಷ್ಮೆಹುಳು ಇದ್ದೇ ಇರುತ್ತದಷ್ಟೆ.

ಅಂತಹ ಒಂದು ಮನೆಯಲ್ಲಿ ನಾವು ಅತಿಥಿಯಾಗಿ ತಂಗಿದ್ದೆವು. ಒಳಗಿನ ಕೋಣೆಯಲ್ಲಿ ನಾಲ್ಕನೆಯ ಜ್ವರದಿಂದೆದ್ದ ಹುಳುಗಳು ಸೊಪ್ಪು ಮೇಯುತ್ತಿದ್ದ ಸದ್ದು ಸಣ್ಣ ಮಳೆಯ ಸದ್ದಿನಂತೆ ಕೇಳುತ್ತಿತ್ತು. ಇನ್ನೊಂದು ವಾರ ಕಳೆದರೆ ಹುಳು ಹಣ್ಣಾಗಿ ಚಂದ್ರಿಕೆಗೆ ಏರುವ ಹೊತ್ತು. ಆಗ ಜಗಲಿಯ ದೀಪಕ್ಕೆ ಕೆಂಗಂದು ಬಣ್ಣದ ದೊಡ್ಡ ಪತಂಗವೊಂದು ಬಂದು ಎರಡು ಸುತ್ತು ಸುತ್ತಿ ಗೋಡೆಗೆ ಬಡಿದು ಕುಳಿತಿತು. ಮನೆಯ ಯಜಮಾನರು ಪೊರಕೆಯನ್ನು ಕೈಗೆತ್ತಿಕೊಂಡೇ ಕೇಳಿದರು: “ಮೇಷ್ಟ್ರೇ, ಇದು ಒಳಕ್ಕೆ ನುಗ್ಗಿದ್ರೆ ಬೆಳೆ ಹಾಳಾಯ್ತದಾ?”

ಅವರ ಭಯ ಕುರುಡು ಭಯವಲ್ಲ. 1980ರಲ್ಲಿ ಊಜಿನೊಣವು ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದು ಸೇರಿತು. ಅದು ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದು ಬಂದ ಮರಿ ಹುಳುವಿನ ಒಡಲನ್ನು ಕೊರೆದು ಹೊಕ್ಕು ಅದನ್ನೇ ತಿಂದು ಬೆಳೆಯುತ್ತದೆ. ಅಂದಿನಿಂದ ಸಾಕಣೆಮನೆಯ ಕಿಟಕಿಗಳಿಗೆ ಬಲೆ ಬಂದಿತು. ಹಾರುವ ಪ್ರಾಣಿಯೆಂದರೆ ರೈತನ ಎದೆ ನಡುಗುವಂತಾಯಿತು. ಒಂದು ಬೆಳೆಯೆಂದರೆ ಒಂದು ಸಂಸಾರದ ಒಂದೂವರೆ ಎರಡು ತಿಂಗಳ ದುಡಿಮೆ. ಆದುದರಿಂದ ಆ ಪ್ರಶ್ನೆಗೆ ಕುತೂಹಲದ ಉತ್ತರ ಸಾಲದು, ನಿಜವಾದ ಉತ್ತರ ಬೇಕಾಗಿತ್ತು.

ಮನೆಯ ಹುಡುಗ, ಪದವಿಪೂರ್ವ ತರಗತಿಯ ವಿದ್ಯಾರ್ಥಿ, “ಇದು ಅಟ್ಲಾಸ್ ಪತಂಗ, ಪೇಪರಿನಲ್ಲಿ ಫೋಟೋ ಬಂದಿತ್ತು” ಎಂದನು. ನಾವೂ ಅಧ್ಯಾಪಕರ ಗಾಂಭೀರ್ಯದಿಂದ ತಲೆದೂಗಿ “ಹೌದು, ಅಟ್ಲಾಸ್” ಎಂದುಬಿಟ್ಟೆವು. ಅದು ತಪ್ಪಾಗಿತ್ತು. ಆ ತಪ್ಪು ಹೇಗಾಯಿತು, ಹೇಗೆ ತಿದ್ದಿಕೊಂಡಿತು ಎಂಬುದನ್ನು ಮುಚ್ಚಿಡದೆ ಹೇಳುವುದೇ ಮೇಲು. ಏಕೆಂದರೆ ಗುರುತಿಸುವ ವಿದ್ಯೆಯ ಮೊದಲ ಪಾಠ ಅದರಲ್ಲಿಯೇ ಅಡಗಿದೆ.

ಕುಟುಂಬವನ್ನು ಕಂಡುಹಿಡಿಯುವುದು

ಪತಂಗವನ್ನು ಬಿದಿರಿನ ಮಂಕರಿಯ ಕೆಳಗೆ ಮೆಲ್ಲನೆ ಮುಚ್ಚಿ, ಕೈದೀಪ, ಅಳತೆಪಟ್ಟಿ, ಒಂದು ಭೂತಗನ್ನಡಿಗಳನ್ನು ತರಿಸಿಕೊಂಡೆವು. ಗುರುತಿಸುವವನು ದೊಡ್ಡ ಗುಂಪಿನಿಂದ ಚಿಕ್ಕ ಗುಂಪಿಗೆ ಇಳಿಯಬೇಕು. ಊರು ಗೊತ್ತಾಗದೆ ಕೇರಿಯನ್ನೂ, ಕೇರಿ ಗೊತ್ತಾಗದೆ ಮನೆಯನ್ನೂ ಹುಡುಕಲಾಗದು.

ರೆಕ್ಕೆಯನ್ನು ಮುಟ್ಟಿದ ಬೆರಳಿಗೆ ಹಿಟ್ಟಿನಂತಹ ಪುಡಿ ಅಂಟಿತು. ಭೂತಗನ್ನಡಿಯಲ್ಲಿ ನೋಡಿದರೆ ಆ ಪುಡಿ ಹೆಂಚಿನಂತೆ ಹೊದಿಸಿದ ಹುರುಪೆಗಳ ರಾಶಿ. ಹುರುಪೆಯ ರೆಕ್ಕೆಯುಳ್ಳ ಕೀಟಗಳೆಲ್ಲ ಲೆಪಿಡಾಪ್ಟೆರ ಎಂಬ ಗಣಕ್ಕೆ ಸೇರಿದವು. ಚಿಟ್ಟೆಗಳೂ ಪತಂಗಗಳೂ ಅದರಲ್ಲಿಯೇ ಬರುತ್ತವೆ. ಚಿಟ್ಟೆಯ ಕುಡಿಮೀಸೆ ತೆಳ್ಳಗಿದ್ದು ತುದಿಯಲ್ಲಿ ಗುಂಡಾಗಿ ಉಬ್ಬಿರುತ್ತದೆ. ನಮ್ಮ ಅತಿಥಿಯ ಕುಡಿಮೀಸೆಯಾದರೋ ಹಕ್ಕಿಯ ಗರಿಯಂತೆ ಎರಡು ಕಡೆಗೂ ಎಳೆಯೆಳೆಯಾಗಿ ಹರಡಿತ್ತು. ಆದುದರಿಂದ ಇದು ಪತಂಗ.

ಮುಂದೆ ಬಾಯಿಯನ್ನು ನೋಡಬೇಕು. ಹೂವಿನ ಮಧುವನ್ನು ಹೀರುವ ಪತಂಗಗಳಿಗೆ ಗಡಿಯಾರದ ಕಮಾನಿನಂತೆ ಸುತ್ತಿಕೊಂಡ ಸೊಂಡಿಲುಂಟು. ಇದರ ತಲೆ ದೇಹಕ್ಕೆ ಹೋಲಿಸಿದರೆ ಚಿಕ್ಕದು; ಸೊಂಡಿಲು ಇದ್ದೂ ಇಲ್ಲದಂತೆ ಕುಗ್ಗಿಹೋಗಿದೆ. ಮೈ ದಪ್ಪವಾಗಿ ದಟ್ಟ ರೋಮದಿಂದ ಮುಚ್ಚಿದೆ. ಹೆಚ್ಚಿನ ಪತಂಗಗಳಲ್ಲಿ ಹಿಂದಿನ ರೆಕ್ಕೆಯ ಬುಡದಿಂದ ಹೊರಟ ಒಂದು ಬಿರುಗೂದಲು ಮುಂದಿನ ರೆಕ್ಕೆಗೆ ಕೊಂಡಿಯಂತೆ ಸಿಕ್ಕಿಕೊಂಡು ಎರಡನ್ನೂ ಒಟ್ಟಿಗೆ ಬಡಿಸುತ್ತದೆ. ಆ ಕೊಂಡಿ ಇದರಲ್ಲಿಲ್ಲ. ಹಿಂದಿನ ರೆಕ್ಕೆಯ ಬುಡವೇ ಅಗಲವಾಗಿ ಬೆಳೆದು ಮುಂದಿನದಕ್ಕೆ ಆನಿಕೊಂಡಿದೆ. ಭಾರಿ ಗಾತ್ರ, ಗರಿಯಂತಹ ಕುಡಿಮೀಸೆ, ಕುಗ್ಗಿದ ಬಾಯಿ, ಕೊಂಡಿಯಿಲ್ಲದ ರೆಕ್ಕೆ, ರೆಕ್ಕೆಗಳ ನಡುವೆ ಕಣ್ಣಿನಂತಹ ಬೊಟ್ಟು—ಇವೆಲ್ಲ ಒಟ್ಟಿಗೆ ಕಂಡುಬಂದರೆ ಅದು ಸ್ಯಾಟರ್ನಿಯಿಡೆ ಕುಟುಂಬದ ಲಕ್ಷಣ. ಜಗತ್ತಿನಲ್ಲಿ ಎರಡು ಸಾವಿರಕ್ಕೂ ಮಿಕ್ಕ ಪ್ರಭೇದಗಳುಳ್ಳ ಈ ಕುಟುಂಬವನ್ನು ‘ದೈತ್ಯ ರೇಷ್ಮೆ ಪತಂಗಗಳು’ ಎಂದು ಕರೆಯುವುದು ವಾಡಿಕೆ.

ಇಲ್ಲಿ ಒಂದು ಮಾತನ್ನು ವಾಚಕರು ಗಮನದಲ್ಲಿಡಬೇಕು. ನಮ್ಮ ಸೀಮೆಯಲ್ಲಿ ಸಾಕುವ ಹಿಪ್ಪುನೇರಳೆ ರೇಷ್ಮೆಹುಳು ಈ ಕುಟುಂಬದ್ದಲ್ಲ. ಬೊಂಬಿಕ್ಸ್ ಮೋರಿ ಎಂಬ ಹೆಸರಿನ ಅದು ಬೊಂಬಿಸಿಡೆ ಎಂಬ ಬೇರೊಂದು ಕುಟುಂಬಕ್ಕೆ ಸೇರಿದುದು. ಎರಡೂ ದಾಯಾದಿಗಳು, ಒಡಹುಟ್ಟಿದವರಲ್ಲ.

ಕಿಟಕಿಯ ಆಕಾರ

ಕುಟುಂಬ ತಿಳಿಯಿತು; ಇನ್ನು ಅದರೊಳಗಿನ ಜಾತಿ ಯಾವುದು, ಪ್ರಭೇದ ಯಾವುದು? ದಕ್ಷಿಣ ಭಾರತದಲ್ಲಿ ಈ ಕುಟುಂಬದ ಪ್ರಭೇದಗಳು ಬೆರಳೆಣಿಕೆಯಷ್ಟು. ಅವುಗಳನ್ನು ಬೇರ್ಪಡಿಸಲು ರೆಕ್ಕೆಯ ಬೊಟ್ಟನ್ನು ನೋಡುವುದೇ ಸುಲಭದ ದಾರಿ.

ರೆಕ್ಕೆ ತಿಳಿಹಸುರಾಗಿದ್ದು ಹಿಂದಿನ ರೆಕ್ಕೆಗಳಿಂದ ನೀಳವಾದ ಬಾಲಗಳು ಇಳಿಬಿದ್ದಿದ್ದರೆ ಅದು ಚಂದ್ರಪತಂಗ, ಆಕ್ಟಿಯಾಸ್ ಸೆಲೀನೆ. ಸೆಲೀನೆಯೆಂದರೆ ಗ್ರೀಕರ ಚಂದ್ರದೇವತೆ. ಬಾಲವಿಲ್ಲದೆ, ರೆಕ್ಕೆಯ ನಡುವೆ ತ್ರಿಕೋನಾಕಾರದ ಪಾರದರ್ಶಕ ಕಿಟಕಿಯಿದ್ದು, ಮುಂದಿನ ರೆಕ್ಕೆಯ ತುದಿ ಹಾವಿನ ಹೆಡೆಯನ್ನು ನೆನಪಿಗೆ ತರುವಂತಿದ್ದರೆ ಅದು ಅಟ್ಟಾಕಸ್, ಎಂದರೆ ಅಟ್ಲಾಸ್ ಪತಂಗದ ಜಾತಿ. ಕಿಟಕಿ ಬಿದಿಗೆಯ ಚಂದ್ರನಂತೆ ಬಾಗಿದ್ದರೆ ಸಾಮಿಯ. ಹರಳೆಲೆಯನ್ನು ತಿನ್ನುವ ಏರಿ ರೇಷ್ಮೆಹುಳು ಈ ಬಳಗದ್ದು. ಗಾತ್ರ ಚಿಕ್ಕದಾಗಿ, ಮುಂದಿನ ರೆಕ್ಕೆಯಲ್ಲಿ ಒಂದೇ ಬೊಟ್ಟಿನ ಬದಲು ಕೆಲವು ಸಣ್ಣ ಕಿಟಕಿಗಳಿದ್ದರೆ ಕ್ರಿಕ್ಯೂಲ. ಮಾವು, ಗೋಡಂಬಿ ಮರಗಳಲ್ಲಿ ಇದರ ಕಂಬಳಿಹುಳುಗಳು ಕಾಣಸಿಗುತ್ತವೆ. ನಾಲ್ಕು ರೆಕ್ಕೆಗಳಲ್ಲಿಯೂ ಒಂದೊಂದು ದುಂಡನೆಯ ಬೊಟ್ಟಿದ್ದು, ಅದರ ಸುತ್ತ ಬಣ್ಣದ ಉಂಗುರವಿದ್ದರೆ ಅದು ಆಂಥೀರಿಯ.

ನಾವು ಪತಂಗದ ರೆಕ್ಕೆಯ ಹಿಂದೆ ಅಚ್ಚಾದ ಕಾಗದವೊಂದನ್ನು ಹಿಡಿದೆವು. ಬೊಟ್ಟಿನ ನಡುವಿನ ಕಿಟಕಿಯಿಂದ ಒಂದು ಅಕ್ಷರ ಸ್ಪಷ್ಟವಾಗಿ ಕಂಡಿತು. ಅಲ್ಲಿ ಹುರುಪೆಗಳಿಲ್ಲ, ಬರಿಯ ಪೊರೆಯಿದೆ, ಆದುದರಿಂದ ಬೆಳಕು ತಡೆಯಿಲ್ಲದೆ ದಾಟುತ್ತದೆ. ಕಿಟಕಿ ದುಂಡಗಿತ್ತು. ತ್ರಿಕೋನವಾಗಿರಲಿಲ್ಲ. ಅಲ್ಲಿಗೆ ಅಟ್ಲಾಸ್ ಎಂಬ ನಮ್ಮ ತೀರ್ಪು ಬಿದ್ದುಹೋಯಿತು!

ತಪ್ಪು ಎಲ್ಲಿತ್ತು? ನಾವು ಗಾತ್ರವನ್ನು ನೋಡಿ ಹೆಸರಿಟ್ಟಿದ್ದೆವು. ರೆಕ್ಕೆಯ ತುದಿಯಿಂದ ತುದಿಗೆ ಅಳೆದಾಗ ಅದು ಸುಮಾರು 15 ಸೆಂಟಿಮೀಟರು. ಅಟ್ಲಾಸ್ ಜಾತಿಯ ದೊಡ್ಡ ಪತಂಗಗಳು 24 ಸೆಂಟಿಮೀಟರಿನವರೆಗೂ ಬೆಳೆಯಬಲ್ಲವು, ಸಣ್ಣವೂ ಇರುತ್ತವೆ. ಗಾತ್ರವು ಹುಳುವಾಗಿದ್ದಾಗ ತಿಂದ ಎಲೆಯನ್ನೂ, ಋತುವನ್ನೂ, ಗಂಡುಹೆಣ್ಣೆಂಬ ಭೇದವನ್ನೂ ಅನುಸರಿಸಿ ಬದಲಾಗುತ್ತದೆ. ಬಣ್ಣವೂ ಹಾಗೆಯೇ: ನಮ್ಮ ಪತಂಗದ ಪ್ರಭೇದದಲ್ಲಿಯೇ ಕಂದು, ಹಳದಿ, ಬೂದು ಬಣ್ಣದ ವ್ಯಕ್ತಿಗಳುಂಟು. ಬದಲಾಗುವ ಗುಣವನ್ನು ಬಿಟ್ಟು ಬದಲಾಗದ ಗುಣವನ್ನು ಹಿಡಿಯುವುದೇ ವರ್ಗೀಕರಣದ ಗುಟ್ಟು. ಭೌತವಿಜ್ಞಾನದಲ್ಲಿ ಒಂದು ಲೋಹವನ್ನು ಗುರುತಿಸಲು ಅದರ ತೂಕವನ್ನು ಕೇಳುವುದಿಲ್ಲ, ಸಾಂದ್ರತೆಯನ್ನು ಕೇಳುತ್ತೇವಷ್ಟೆ. ಇಲ್ಲಿಯೂ ಅದೇ ನ್ಯಾಯ.

ಆಂಥೀರಿಯ ಜಾತಿಯಲ್ಲಿಯೂ ಹಲವು ಪ್ರಭೇದಗಳಿವೆ. ಬಂಗಾರದ ಬಣ್ಣದ ನೂಲನ್ನು ಕೊಡುವ ಮೂಗಾ ಅಸ್ಸಾಮಿನ ಕಡೆಯದು. ಓಕ್ ಎಲೆಯನ್ನು ತಿನ್ನುವವು ಹಿಮಾಲಯದ ಮತ್ತು ಚೀನದ ಕಡೆಯವು. ನಮ್ಮ ಒಳನಾಡಿನ ಎಲೆಯುದುರುವ ಕಾಡುಗಳಲ್ಲಿ ಕಾಣುವುದು ಟಸರ್ ಪತಂಗ. ಬೆಳಕವಾಡಿಯ ಜಗಲಿಗೆ ಬಂದದ್ದು ಅದೇ. ಅಗಲವಾದ ಗರಿಮೀಸೆಯನ್ನೂ, ಕುಡುಗೋಲಿನಂತೆ ಬಾಗಿದ ಮುಂದಿನ ರೆಕ್ಕೆಯ ತುದಿಯನ್ನೂ ನೋಡಿ ಅದು ಗಂಡೆಂದು ನಿಶ್ಚಯಿಸಿದೆವು. ಹೆಣ್ಣಿನ ಮೀಸೆ ಕಿರಿದು, ಹೊಟ್ಟೆ ಮೊಟ್ಟೆಗಳಿಂದ ತುಂಬಿ ದಪ್ಪ.

ಹೆಸರಿನ ಕಥೆ

ಇಷ್ಟಾದರೂ ಹೆಸರಿನ ತೊಡಕು ಮುಗಿಯಲಿಲ್ಲ. ಸ್ವೀಡನ್ನಿನ ಲಿನೇಯಸನು 1758ರಲ್ಲಿ ತನ್ನ ‘ಸಿಸ್ಟೆಮಾ ನ್ಯಾಚುರೇ’ ಗ್ರಂಥದ ಹತ್ತನೆಯ ಆವೃತ್ತಿಯಲ್ಲಿ ಪ್ರಾಣಿಗಳಿಗೆಲ್ಲ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದನು. ಮೊದಲ ಪದ ಜಾತಿಯದು, ಎರಡನೆಯದು ಪ್ರಭೇದದ್ದು. ಅಟ್ಲಾಸ್, ಪೇಫಿಯ, ಮೋರಿ—ಈ ಮೂರನ್ನೂ ಅವನು ಫಲೀನ ಎಂಬ ಒಂದೇ ಜಾತಿಯಲ್ಲಿರಿಸಿದ್ದನು. ಆಗ ಹೆಚ್ಚಿನ ಪತಂಗಗಳೆಲ್ಲ ಫಲೀನವೇ. ಇಂದು ಅವು ಮೂರು ಜಾತಿಗಳಲ್ಲಿ, ಎರಡು ಕುಟುಂಬಗಳಲ್ಲಿ ಹಂಚಿಹೋಗಿವೆ. ಲಂಡನ್ನಿನ ಬೆಳ್ಳಿ ವ್ಯಾಪಾರಿಯೂ ಕೀಟಸಂಗ್ರಾಹಕನೂ ಆಗಿದ್ದ ಡ್ರೂ ಡ್ರೂರಿ 1773ರಲ್ಲಿ ಮೈಲಿಟ್ಟ ಎಂಬ ಇನ್ನೊಂದು ಹೆಸರನ್ನು ಪ್ರಕಟಿಸಿದನು. 1804ರಲ್ಲಿ ವಿಲಿಯಂ ರಾಕ್ಸ್‌ಬರ್ಗ್ ಬಂಗಾಳದ ಟಸರ್ ಹುಳುವನ್ನೂ ಏರಿ ಹುಳುವನ್ನೂ ವಿವರವಾಗಿ ವರ್ಣಿಸುವಾಗ ಟಸರಿಗೆ ಲಿನೇಯಸನ ಪೇಫಿಯ ಎಂಬ ಹೆಸರನ್ನೇ ಬಳಸಿದನು.

ಒಂದೇ ಪ್ರಭೇದಕ್ಕೆ ಎರಡು ಹೆಸರುಗಳಿದ್ದರೆ ಮೊದಲು ಪ್ರಕಟವಾದದ್ದೇ ಊರ್ಜಿತವೆಂಬುದು ಪ್ರಾಣಿನಾಮಕರಣದ ನಿಯಮ. ಆದರೆ ಎರಡೂ ಒಂದೇ ಪ್ರಭೇದವೆ? ಲಿನೇಯಸನ ವರ್ಣನೆ ಕೆಲವೇ ಮಾತುಗಳದು. ಅದನ್ನು ಓದಿದವರು ಬೇರೆ ಬೇರೆ ಅರ್ಥ ಮಾಡಿದರು. ಆದುದರಿಂದ ಇಂದಿಗೂ ಕೆಲವು ಪಟ್ಟಿಗಳು ಆಂಥೀರಿಯ ಪೇಫಿಯ ಎಂದೂ, ನಮ್ಮ ದೇಶದ ರೇಷ್ಮೆ ಸಂಶೋಧನೆಯ ಬರಹಗಳು ಹೆಚ್ಚಾಗಿ ಆಂಥೀರಿಯ ಮೈಲಿಟ್ಟ ಎಂದೂ ಬರೆಯುತ್ತವೆ. ವಿದ್ಯಾರ್ಥಿಗಳು ಎರಡು ಪುಸ್ತಕಗಳಲ್ಲಿ ಎರಡು ಹೆಸರುಗಳನ್ನು ಕಂಡು ಗಾಬರಿಗೊಳ್ಳಬೇಕಾಗಿಲ್ಲ. ಟಸರ್ ಪತಂಗದ ಮಾತೇ ನಡೆಯುತ್ತಿದೆಯೆಂದು ತಿಳಿದರೆ ಸಾಕು.

ಅಟ್ಲಾಸಿನ ಕಥೆಯೂ ಇದಕ್ಕೆ ಕಡಿಮೆಯದಲ್ಲ. ಪಶ್ಚಿಮಘಟ್ಟಗಳಲ್ಲಿ ಅಂತಹ ಪತಂಗ ಕಂಡಾಗಲೆಲ್ಲ ಪತ್ರಿಕೆಗಳು ‘ಅಟ್ಟಾಕಸ್ ಅಟ್ಲಾಸ್’ ಎಂದು ಅಚ್ಚು ಹಾಕುತ್ತವೆ. ದಕ್ಷಿಣ ಭಾರತದಲ್ಲಿಯೂ ಶ್ರೀಲಂಕೆಯಲ್ಲಿಯೂ ಇರುವುದಾದರೋ ಅಟ್ಟಾಕಸ್ ಟ್ಯಾಪ್ರೊಬೇನಿಸ್ ಎಂಬ ಬೇರೆ ಪ್ರಭೇದ. ಟ್ಯಾಪ್ರೊಬೇನೆಯೆಂಬುದು ಲಂಕೆಗೆ ಪ್ರಾಚೀನ ಗ್ರೀಕರಿಟ್ಟ ಹೆಸರು. ಫ್ರೆಡರಿಕ್ ಮೂರ್ ಎಂಬ ವಿದ್ವಾಂಸನು 1880ರ ದಶಕದ ಆರಂಭದಲ್ಲಿಯೇ ಇದನ್ನು ವರ್ಣಿಸಿದ್ದನು. 1989ರಲ್ಲಿ ಅಮೆರಿಕದ ರಿಚರ್ಡ್ ಪೀಗ್ಲರ್ ಅಟ್ಟಾಕಸ್ ಜಾತಿಯನ್ನೆಲ್ಲ ಪುನಃ ಪರಿಶೀಲಿಸಿ ಗ್ರಂಥವೊಂದನ್ನು ಪ್ರಕಟಿಸಿದನು. ಆದುದರಿಂದ ಆ ರಾತ್ರಿ ನಮ್ಮ ತೀರ್ಪು ಎರಡು ಸಲ ತಪ್ಪಿತ್ತೆನ್ನಬೇಕು: ಪತಂಗ ಅಟ್ಟಾಕಸ್ ಆಗಿರಲಿಲ್ಲ, ಆಗಿದ್ದಿದ್ದರೂ ಅದು ಅಟ್ಲಾಸ್ ಆಗುತ್ತಿರಲಿಲ್ಲ.

ಹೆಸರು ತಿಳಿದುದರ ಫಲ

“ಹೆಸರು ಯಾವುದಾದರೇನು?” ಎಂದು ಕೇಳುವವರುಂಟು. ಹೆಸರೆಂಬುದು ಬೀಗದ ಕೈ. ಟಸರ್ ಎಂದು ತಿಳಿದೊಡನೆ, ಆ ಪ್ರಾಣಿಯ ವಿಷಯವಾಗಿ ಇನ್ನೂರು ವರ್ಷಗಳಿಂದ ಜನ ಕಂಡುಕೊಂಡುದೆಲ್ಲ ನಮ್ಮ ಕೈಸೇರಿತು.

ಟಸರ್ ಪತಂಗ ಏನನ್ನೂ ತಿನ್ನುವುದಿಲ್ಲ. ಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬಿನ ಬಲದಿಂದ ಒಂದು ವಾರದ ಆಚೀಚೆ ಬದುಕಿ, ಕೂಡಿ, ಮೊಟ್ಟೆಯಿಟ್ಟು ಸಾಯುತ್ತದೆ. ಅದರ ಹುಳುಗಳ ಆಹಾರ ಮತ್ತಿ, ಹೊಳೆಮತ್ತಿ, ಎಲಚಿ ಮುಂತಾದ ಮರಗಳ ಎಲೆ, ಹಿಪ್ಪುನೇರಳೆಯಲ್ಲ. ಊಜಿನೊಣದಂತೆ ಇನ್ನೊಂದು ಹುಳುವಿನ ಮೈಮೇಲೆ ಮೊಟ್ಟೆಯಿಡುವ ಸ್ವಭಾವ ಯಾವ ರೇಷ್ಮೆ ಪತಂಗಕ್ಕೂ ಇಲ್ಲ. ಅದರ ಮೇಲೆ ಇದು ಗಂಡು. ಮೊಟ್ಟೆಯ ಮಾತೇ ಇಲ್ಲ. ಇಷ್ಟನ್ನೂ ಯಜಮಾನರಿಗೆ ತಿಳಿಸಿದೆವು. ಪೊರಕೆ ಮೂಲೆಗೆ ಹೋಯಿತು.

ಆದರೂ ಅದನ್ನು ಸಾಕಣೆಮನೆಯೊಳಗೆ ಬಿಡಬಾರದೆಂದು ಹೇಳಿದೆವು. ರೇಷ್ಮೆಹುಳುವಿನ ಗಂಟುರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯ ಬಳಗದವು ಕಾಡುಕೀಟಗಳಲ್ಲಿಯೂ ಇರುವುದುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ರೇಷ್ಮೆಯನ್ನು ನೆಲಕ್ಕೊರಗಿಸಿದ್ದ ಆ ರೋಗವನ್ನು ತಾಯಿಪತಂಗದ ಪರೀಕ್ಷೆಯಿಂದ ಹಿಡಿತಕ್ಕೆ ತಂದವನು ಲೂಯಿ ಪ್ಯಾಸ್ಚರ್. ಕಾಡಿನ ಯಾವ ಕೀಟವನ್ನೂ ತಟ್ಟೆಗಳ ಬಳಿ ಬಿಡದೆ, ಕೊಲ್ಲದೆ, ದೂರ ಒಯ್ದು ಬಿಡುವುದು ಇಬ್ಬರಿಗೂ ಕ್ಷೇಮ.

ಒಂದು ಹೆಸರು ಸರಿಯೋ ತಪ್ಪೋ ಎಂಬುದಕ್ಕೆ ಒಳ್ಳೆಯ ಪರೀಕ್ಷೆಯೆಂದರೆ ಅದರಿಂದ ಮುಂದಿನದನ್ನು ಊಹಿಸಿ ನೋಡುವುದು. ಇದು ಟಸರ್ ಆಗಿದ್ದರೆ ಹತ್ತಿರದಲ್ಲಿ ಎಲ್ಲಿಯಾದರೂ ಮತ್ತಿಯ ಮರವಿರಬೇಕು; ಮರದಲ್ಲಿ ಗೂಡಿರಬೇಕು. ಮರುದಿನ ಬೆಳಿಗ್ಗೆ ಹುಡುಗನನ್ನು ಕರೆದುಕೊಂಡು ಹೊಳೆಯ ಕಡೆಗೆ ನಡೆದೆವು. ಕಾವೇರಿಯ ದಂಡೆಯ ಹೊಳೆಮತ್ತಿಗಳು ಪ್ರಸಿದ್ಧವಾದವು. ಬಿಳಿಯ ನುಣುಪು ತೊಗಟೆಯ ಆ ದೊಡ್ಡ ಮರಗಳ ಕೆಳಗೆ ಕತ್ತು ನೋಯುವವರೆಗೆ ಮೇಲೆ ನೋಡುತ್ತ ಅಲೆದೆವು. ಕೊನೆಗೆ ಒಂದು ಕೆಳಗೊಂಬೆಯಲ್ಲಿ ಹುಡುಗನೇ ಅದನ್ನು ಕಂಡನು. ಕೋಳಿಮೊಟ್ಟೆಗಿಂತ ಚಿಕ್ಕದಾದ, ಬೂದುಹಳದಿ ಬಣ್ಣದ, ಕಾಯಿಯಂತೆ ಗಟ್ಟಿಯಾದ ಗೂಡು. ಮೇಲ್ತುದಿಯಿಂದ ಹೊರಟ ಗಟ್ಟಿ ತೊಟ್ಟು ಕಡ್ಡಿಯನ್ನು ಉಂಗುರದಂತೆ ಬಳಸಿ ಹಿಡಿದಿತ್ತು. ಗೂಡಿನ ಒಂದು ತುದಿ ತೆರೆದಿತ್ತು. ಒಳಗೆ ಕೋಶದ ಒಣಸಿಪ್ಪೆ ಮಾತ್ರ. ತೊಟ್ಟು ಮತ್ತು ಉಂಗುರಗಳುಳ್ಳ ಇಂತಹ ಗೂಡನ್ನು ನಮ್ಮ ಸೀಮೆಯಲ್ಲಿ ಟಸರಲ್ಲದೆ ಬೇರಾವ ಹುಳುವೂ ಕಟ್ಟದು. ರಾತ್ರಿಯ ತೀರ್ಮಾನಕ್ಕೆ ಹಗಲು ಸಾಕ್ಷಿ ನುಡಿದಂತಾಯಿತು.

ಈ ಗಟ್ಟಿ ಗೂಡಿಗೆ ಕಾರಣವುಂಟು. ಎಲೆಯುದುರುವ ಕಾಡಿನಲ್ಲಿ ಬೇಸಗೆಯೆಲ್ಲ ಹಸುರಿಲ್ಲ. ಆ ತಿಂಗಳುಗಳನ್ನು ಟಸರ್ ಗೂಡಿನೊಳಗೆ ಕೋಶವಾಗಿ ನಿದ್ರಿಸಿ ಕಳೆಯುತ್ತದೆ. ಎಲೆಯೊಡನೆ ಗೂಡೂ ಉದುರಿಬಿಟ್ಟರೆ ಇರುವೆಗಳ ಪಾಲು, ಇಲ್ಲವೆ ಕಾಡಿನ ಬೆಂಕಿಯ ಪಾಲು. ಅದಕ್ಕಾಗಿಯೇ ಕೊಂಬೆಯನ್ನು ಹಿಡಿದ ಉಂಗುರ. ಮಳೆ ಬಂದು ಗಾಳಿ ತೇವವಾದಾಗ ಪತಂಗ ಒಳಗಿನಿಂದ ಕೊಕೂನೇಸ್ ಎಂಬ ಕಿಣ್ವವನ್ನು ಸ್ರವಿಸಿ ಗೂಡಿನ ಒಂದು ತುದಿಯ ಅಂಟನ್ನು ಕರಗಿಸಿ, ಎಳೆಗಳನ್ನು ಸರಿಸಿಕೊಂಡು ಹೊರಬೀಳುತ್ತದೆ. ಮೊದಲ ಮಳೆಗೇ ಅದು ನಮ್ಮ ದೀಪಕ್ಕೆ ಬಂದುದರ ಅರ್ಥ ಈಗ ತಿಳಿಯಿತಲ್ಲವೆ?

ಬೆಳಕು ಮತ್ತು ಶಬ್ದ

ಅದು ದೀಪಕ್ಕೆ ಬಂದುದಾದರೂ ಏಕೆ? ಪತಂಗವು ಚಂದ್ರನನ್ನು ದಿಕ್ಸೂಚಿಯಾಗಿಟ್ಟುಕೊಂಡು ಹಾರುತ್ತದೆ, ದೀಪವನ್ನು ಚಂದ್ರನೆಂದು ಭ್ರಮಿಸುತ್ತದೆ ಎಂದು ಬಹುಕಾಲ ಹೇಳುತ್ತಿದ್ದರು. 2024ರಲ್ಲಿ ಸ್ಯಾಮ್ಯುಯೆಲ್ ಫೇಬಿಯನ್, ಯಶ್ ಸೋಂಧಿ ಮತ್ತು ಅವರ ಸಂಗಡಿಗರು ಅತಿವೇಗದ ಕ್ಯಾಮರಾಗಳಿಂದ ಹಾರಾಟವನ್ನು ಸೆರೆಹಿಡಿದು ಬೇರೊಂದು ವಿವರಣೆಯನ್ನು ಮುಂದಿಟ್ಟರು. ಹಾರುವ ಕೀಟವು ತನ್ನ ಬೆನ್ನನ್ನು ಹೆಚ್ಚು ಬೆಳಕಿರುವ ಕಡೆಗೆ ತಿರುಗಿಸಿಕೊಳ್ಳುತ್ತದೆ. ರಾತ್ರಿಯಲ್ಲಿಯೂ ಆಕಾಶ ನೆಲಕ್ಕಿಂತ ಬೆಳಗಿರುವುದರಿಂದ, ಬೆನ್ನು ಬೆಳಕಿನ ಕಡೆಗಿದ್ದರೆ ಮೈ ನೆಟ್ಟಗಿದೆಯೆಂದೇ ಅರ್ಥ. ವೇಗ, ದಿಕ್ಕುಗಳು ಕ್ಷಣಕ್ಷಣವೂ ಬದಲಾಗುವ ಸಣ್ಣ ದೇಹಕ್ಕೆ ಗುರುತ್ವದ ದಿಕ್ಕನ್ನು ನೇರವಾಗಿ ತಿಳಿಯುವುದು ಕಷ್ಟ; ಮೇಲಕ್ಕೆ ಧಾವಿಸುವ ಲಿಫ್ಟಿನಲ್ಲಿ ನಮಗೇ ನಮ್ಮ ತೂಕ ಹೆಚ್ಚಿದಂತೆ ಭಾಸವಾಗುವುದನ್ನು ನೆನೆದರೆ ಸಾಕು. ಹೀಗಿರುವಾಗ ಪಕ್ಕದಲ್ಲಿ ದೀಪವೊಂದು ಉರಿದರೆ ಕೀಟ ಬೆನ್ನನ್ನು ಅತ್ತ ಹೊರಳಿಸುತ್ತದೆ, ಹೊರಳಿದೊಡನೆ ದಾರಿ ಬಾಗುತ್ತದೆ, ದೀಪದ ಸುತ್ತ ಸಿಕ್ಕಿಬೀಳುತ್ತದೆ. ಅದು ಬೆಳಕಿಗೆ ಮೋಹಗೊಂಡದ್ದಲ್ಲ. ಮೇಲು ಯಾವುದು ಕೆಳಗು ಯಾವುದು ಎಂಬುದನ್ನು ಕಳೆದುಕೊಂಡದ್ದು.

ರೋಮಕ್ಕೂ ಹುರುಪೆಗೂ ಒಂದು ಭೌತವಿಜ್ಞಾನವುಂಟು. ದೈತ್ಯ ರೇಷ್ಮೆ ಪತಂಗಗಳು ಕಿವುಡು. ಬಾವಲಿಯ ಕೂಗು ಅವಕ್ಕೆ ಕೇಳದು. ಬಾವಲಿ ನಮ್ಮ ಕಿವಿಗೆ ನಿಲುಕದಷ್ಟು ಹೆಚ್ಚಿನ ಆವೃತ್ತಿಯ ಶಬ್ದವನ್ನು ಹೊರಡಿಸಿ ಪ್ರತಿಧ್ವನಿಯಿಂದ ಬೇಟೆಯನ್ನು ಕಂಡುಕೊಳ್ಳುತ್ತದೆ. ಸೆಕೆಂಡಿಗೆ 50,000 ಕಂಪನಗಳ ಶಬ್ದವನ್ನು ತೆಗೆದುಕೊಳ್ಳೋಣ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರು. ಭಾಗಿಸಿದರೆ ಅಲೆಯುದ್ದ 6.8 ಮಿಲಿಮೀಟರು. ಪತಂಗದ ಹುರುಪೆಯ ಪದರ ಇದಕ್ಕೆ ಹೋಲಿಸಿದರೆ ತೀರ ತೆಳುವಾದುದು. ಅಷ್ಟು ತೆಳುವಾದ ಹೊದಿಕೆ ಶಬ್ದವನ್ನು ಹೀರಲಾರದೆಂದೇ ತೋರುತ್ತದೆ. ಆದರೆ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2020ರಲ್ಲಿ ಟಸರಿನದೇ ಜಾತಿಗೆ ಸೇರಿದ ಚೀನದ ಓಕ್ ಪತಂಗದ ರೆಕ್ಕೆಯನ್ನು ಪರೀಕ್ಷಿಸಿ, ಬೇರೆ ಬೇರೆ ಗಾತ್ರದ ಹುರುಪೆಗಳು ಬೇರೆ ಬೇರೆ ಆವೃತ್ತಿಗಳಿಗೆ ಅನುರಣಿಸಿ, ಎಲ್ಲವೂ ಸೇರಿ ವಿಶಾಲವಾದ ಶ್ರೇಣಿಯ ಶಬ್ದವನ್ನು ಹೀರುತ್ತವೆಂದು ತೋರಿಸಿದರು. ವೀಣೆಯ ತಂತಿಗಳಂತೆ ಪ್ರತಿಯೊಂದು ಹುರುಪೆಗೂ ಅದರದೇ ಶ್ರುತಿ! ಚಂದ್ರಪತಂಗದ ಬಾಲಕ್ಕೂ ಇಂತಹದೇ ಉಪಯೋಗ. ಅದರ ಅಮೆರಿಕದ ದಾಯಾದಿಯ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತಿರುಚಿದ ಬಾಲಗಳು ಬಾವಲಿಯ ಏಟನ್ನು ಮೈಯಿಂದ ಬಾಲದ ಕಡೆಗೆ ಸೆಳೆದು ಜೀವವನ್ನುಳಿಸುತ್ತವೆಂದು ಕಂಡುಬಂದಿತು.

ಗಂಡಿನ ಗರಿಮೀಸೆ ವಾಸನೆಯನ್ನು ಗ್ರಹಿಸುವ ಯಂತ್ರ. ಹೆಣ್ಣು ಪತಂಗ ಹೊರಸೂಸುವ ಅತ್ಯಲ್ಪ ರಾಸಾಯನಿಕವನ್ನು ಹಿಡಿದು ಗಂಡು ಕತ್ತಲೆಯಲ್ಲಿ ದಾರಿಯನ್ನು ಕಂಡುಕೊಳ್ಳುತ್ತದೆ. ಇಂತಹ ವಸ್ತುವನ್ನು ಮೊತ್ತಮೊದಲು ಬೇರ್ಪಡಿಸಿದ್ದು ನಮ್ಮ ಹಿಪ್ಪುನೇರಳೆ ರೇಷ್ಮೆ ಪತಂಗದಿಂದಲೇ. ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಸುಮಾರು ಐದು ಲಕ್ಷ ಹೆಣ್ಣು ಪತಂಗಗಳಿಂದ ಕೆಲವೇ ಮಿಲಿಗ್ರಾಮಿನಷ್ಟನ್ನು ಪಡೆದು 1959ರಲ್ಲಿ ಅದಕ್ಕೆ ಬೊಂಬಿಕಾಲ್ ಎಂದು ಹೆಸರಿಟ್ಟನು.

ಒಳಗಿನ ಸಾಕ್ಷ್ಯ

ಹೊರಗಿನ ಲಕ್ಷಣಗಳು ಕೈಕೊಟ್ಟಲ್ಲಿ ವಿಜ್ಞಾನಿಗಳು ಒಳಗೆ ನೋಡುತ್ತಾರೆ. ಹಿಂದೆ ನೀಲಗಿರಿಯಲ್ಲಿ ಚಹಾ ತೋಟಗಾರನಾಗಿದ್ದ ಜಾರ್ಜ್ ಹ್ಯಾಂಪ್ಸನ್ 1892ರಲ್ಲಿ ಭಾರತದ ಪತಂಗಗಳ ಮೊದಲ ಸಂಪುಟವನ್ನು ಪ್ರಕಟಿಸಿದಾಗ ರೆಕ್ಕೆಯ ನರಗಳ ಹಂಚಿಕೆಯನ್ನು ಮುಖ್ಯ ಆಧಾರವಾಗಿಟ್ಟುಕೊಂಡನು. ಅನಂತರ ಜನನಾಂಗಗಳ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸತೊಡಗಿದರು. ವರ್ಣತಂತುಗಳನ್ನೆಣಿಸಿದಾಗ ಹಿಪ್ಪುನೇರಳೆ ಹುಳುವಿನಲ್ಲಿ 28 ಜೋಡಿ, ಟಸರಿನಲ್ಲಿ 31, ಮೂಗಾದಲ್ಲಿ 15, ಚೀನದ ಓಕ್ ಟಸರಿನಲ್ಲಿ 49 ಜೋಡಿಗಳಿರುವುದು ಕಂಡಿತು. 2003ರಲ್ಲಿ ಕೆನಡದ ಪಾಲ್ ಹೆಬರ್ಟ್ ಮತ್ತು ಅವರ ಸಂಗಡಿಗರು, ಎಲ್ಲ ಪ್ರಾಣಿಗಳಲ್ಲಿಯೂ ಇರುವ ಒಂದೇ ಚಿಕ್ಕ ಡಿ.ಎನ್.ಎ. ತುಣುಕನ್ನು ಓದಿ ಪ್ರಭೇದವನ್ನು ಗುರುತಿಸಬಹುದೆಂದು ಸೂಚಿಸಿದರು. ಕಳಚಿ ಬಿದ್ದ ಒಂದು ಕಾಲು ಸಿಕ್ಕಿದರೂ ಸಾಕು. ಆದರೂ ಆ ತುಣುಕನ್ನು ಹೋಲಿಸಲು ಸರಿಯಾಗಿ ಗುರುತಿಸಿಟ್ಟ ಮಾದರಿ ಮೊದಲೇ ಇರಬೇಕು. ಆ ಮಾದರಿಯನ್ನು ಗುರುತಿಸುವವನು ಕಣ್ಣಿನಿಂದಲೇ ನೋಡಬೇಕು. ಹೊಸ ಯಂತ್ರ ಹಳೆಯ ಕಣ್ಣಿನ ಕೆಲಸವನ್ನು ರದ್ದುಮಾಡಿಲ್ಲ.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ

ನಮ್ಮ ನಾಡಿನ ಯಾವ ತಾಲ್ಲೂಕಿನಲ್ಲಿ ಯಾವ ಪತಂಗ ಯಾವ ತಿಂಗಳಿನಲ್ಲಿ ಹೊರಬರುತ್ತದೆಂಬ ಲೆಕ್ಕವನ್ನು ಬರೆದಿಡುವ ಕೈಗಳು ಹೆಚ್ಚಬೇಕು. ಇದಕ್ಕೆ ಪ್ರಯೋಗಶಾಲೆ ಬೇಡ. ದೊಡ್ಡ ಪತಂಗವೊಂದು ದೀಪಕ್ಕೆ ಬಂದಾಗ ಪಕ್ಕದಲ್ಲಿ ಅಳತೆಪಟ್ಟಿಯನ್ನಿಟ್ಟು ರೆಕ್ಕೆಯ ಮೇಲ್ಭಾಗ ಕೆಳಭಾಗಗಳೆರಡರ ಚಿತ್ರವನ್ನೂ ತೆಗೆಯಿರಿ. ಕಿಟಕಿಯ ಆಕಾರ, ಕುಡಿಮೀಸೆಯ ಅಗಲಗಳನ್ನು ಗುರುತು ಹಾಕಿಕೊಳ್ಳಿ. ದಿನ, ಹೊತ್ತು, ಊರು, ಹಿಂದಿನ ದಿನ ಮಳೆಯಾಗಿತ್ತೆ ಎಂಬುದನ್ನು ಬರೆಯಿರಿ. ಸುತ್ತಲಿನ ಮರಗಳಲ್ಲಿ ಗೂಡನ್ನು ಹುಡುಕಿರಿ. ನಿಶ್ಚಯವಾಗದಿದ್ದರೆ ಜಾತಿಯ ಹೆಸರನ್ನು ಮಾತ್ರ ಬರೆದು ನಿಲ್ಲಿಸಿರಿ. ಅರೆಬರೆ ತಿಳಿದು ಪೂರ್ಣ ಹೆಸರನ್ನು ಬರೆಯುವುದಕ್ಕಿಂತ ಅದು ಲೇಸು. ಬರೆದಾದ ಮೇಲೆ ದೀಪವನ್ನು ಆರಿಸಿಬಿಡಿ. ಏಳೆಂಟು ದಿನಗಳ ಆಯುಸ್ಸಿನ ಪ್ರಾಣಿಗೆ ನಮ್ಮ ಜಗಲಿಯಲ್ಲಿ ಕಳೆದ ಒಂದು ರಾತ್ರಿ ಚಿಕ್ಕ ನಷ್ಟವಲ್ಲ.

ಬೆಳಕವಾಡಿಯ ಆ ಅತಿಥಿಯನ್ನು ನಾವು ಹೊಳೆಯ ಕಡೆಗೆ ಒಯ್ದು ಮತ್ತಿಯ ಮರದ ಬುಡದಲ್ಲಿ ಬಿಟ್ಟದ್ದು ಮರುದಿನ ಸಂಜೆ. ಮಂಕರಿಯನ್ನು ತೆಗೆದರೂ ಅದು ಕೂಡಲೆ ಹಾರಲಿಲ್ಲ. ಕೆಲವು ನಿಮಿಷಗಳ ಕಾಲ ರೆಕ್ಕೆಗಳನ್ನು ಸಣ್ಣಗೆ ನಡುಗಿಸುತ್ತ ಕುಳಿತಿತ್ತು. ಹುಡುಗ ಹೆದರಿ “ಸತ್ತೋಯ್ತದಾ ಸಾರ್?” ಎಂದನು. ಭಾರವಾದ ಪತಂಗ ಹಾರುವ ಮುನ್ನ ತನ್ನ ಎದೆಯ ಸ್ನಾಯುಗಳನ್ನು ಹೀಗೆ ನಡುಗಿಸಿ ಕಾಯಿಸಿಕೊಳ್ಳುತ್ತದೆಂದೂ, ಮೈಮೇಲಿನ ರೋಮ ಆ ಶಾಖವನ್ನು ಕಂಬಳಿಯಂತೆ ಹಿಡಿದಿಡುತ್ತದೆಂದೂ ಹೇಳಿದೆವು. ಮಾತು ಮುಗಿಯುವುದರೊಳಗೆ ಅದು ಮೇಲೆದ್ದು ಮರದ ನೆತ್ತಿಯನ್ನು ದಾಟಿ ಕತ್ತಲೆಯಲ್ಲಿ ಸೇರಿಹೋಯಿತು.

ಒಳಗಿನ ಹುಳುಗಳು ಅದರ ಮುಂದಿನ ವಾರ ಚಂದ್ರಿಕೆಗೆ ಏರಿ ಗೂಡು ಕಟ್ಟಿದವು. ಹುಡುಗನ ನೋಟುಪುಸ್ತಕದ ಮೊದಲ ಪುಟದಲ್ಲಿ ‘ಅಟ್ಲಾಸ್’ ಎಂಬ ಪದವನ್ನು ಗೀಟೆಳೆದು ಹೊಡೆದು, ಅದರ ಮೇಲೆ ‘ಆಂಥೀರಿಯ, ಗಂಡು, ಬೆಳಕವಾಡಿ’ ಎಂದು ಬರೆದಿದೆ. ಹೊಡೆದ ಪದವನ್ನು ಅಳಿಸಿಹಾಕದಿರುವಂತೆ ನಾವೇ ಹೇಳಿದೆವು.